ಬಾಗಿಲ ಬಳಿಯ ಕೌದಿ

ಶನಿವಾರ, ಬೆಳಗಿನ ಶಾಲೆ. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿಲ್ಲ. ಭಾಲ್ಕಿಯಿಂದ ಮೊದಲ ಬಸ್ಸಿಗೆ ಬಂದ ಶಾಕಿರಾ ಬೇಗಂ ಬೀಗ ತೆಗೆದು, ಕಸ ಗುಡಿಸಿ, ಕಪಾಟಿನ ಮೇಲಿಂದ ಕೌದಿಗಳನ್ನು ಇಳಿಸುತ್ತಿದ್ದಾರೆ. ಮೂರು ಮೂಲೆಗೆ ಮೂರು ಹಾಸುತ್ತಾರೆ. ಬಾಗಿಲ ಬಳಿಯ ಜಾಗ ಬರಿದಾಗಿಯೇ ಉಳಿಯುತ್ತದೆ. ಅಲ್ಲಿದ್ದ ನೀಲಿ ಅಂಚಿನ ಕೌದಿಯನ್ನು ಕಳೆದ ವಾರ ಕೇಶರಬಾಯಿ ಎತ್ತಿಕೊಂಡು ಹೋದರು. ಜೊತೆಗೆ ಮೊಮ್ಮಗಳು ಪ್ರಣಾಲಿಯನ್ನೂ.

ಕಮಲನಗರದ ಸಮೀಪದ ಈ ಹಳ್ಳಿಯಲ್ಲಿ ಶಾಕಿರಾ ಅತಿಥಿ ಶಿಕ್ಷಕಿ. ಬೀದರಿನಲ್ಲಿ ಡಿ.ಎಡ್. ಓದಿದರು, ಔರಾದ ಕಡೆಯ ಎರಡು ಶಾಲೆಗಳಲ್ಲಿ ಕಲಿಸಿದರು. ಇಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆ, ಇಪ್ಪತ್ತಾರು ಮಕ್ಕಳು. ಕೆಲವರ ಮನೆಯಲ್ಲಿ ಮರಾಠಿ, ಕೆಲವರ ಮನೆಯಲ್ಲಿ ದಖನಿ ಉರ್ದು, ಉಳಿದವರದು ಕನ್ನಡ. "ಎಲ್ಲಾರಿಗೂ ಕೂಡೇ ಪಾಠ ಹೇಳಿದ್ರ ಮುಂದ ಕೂತ ನಾಲ್ಕ ಮಂದಿಗೆ ಹೇಳಿದಂಗ್ರಿ," ಎನ್ನುತ್ತಾರೆ.

ಅದಕ್ಕೇ ನಾಲ್ಕು ಗುಂಪು, ನಾಲ್ಕು ಮೂಲೆ. ಒಂದರಲ್ಲಿ ಚಿತ್ರ ನೋಡಿ ಕಥೆ ಹೇಳುವುದು. ಒಂದರಲ್ಲಿ ತೊಗರಿ ಕಾಳು ಜೋಡಿಸಿ ಅಕ್ಷರ ಮಾಡುವುದು. ಇನ್ನೊಂದರಲ್ಲಿ ಇಬ್ಬಿಬ್ಬರು ಸೇರಿ ಓದುವುದು. ನಾಲ್ಕನೆಯದರಲ್ಲಿ ಶಾಕಿರಾ ತಾವೇ ಕುಳಿತು ಓದಿಸುತ್ತಾರೆ. ಚಳಿಗೆ ನೆಲದ ಫರಸಿ ಕಲ್ಲು ತಣ್ಣಗಾಗುತ್ತದೆಂದು ಮಕ್ಕಳು ಹೇಳಿದಾಗ ನಾಲ್ವರು ಅಜ್ಜಿಯರು ಕೌದಿ ಹೊಲಿದುಕೊಟ್ಟರು. ಕೇಶರಬಾಯಿ ಸೊಸೆಯ ಹಳೆಯ ಸೀರೆಗಳನ್ನು ಕೂಡಿಸಿದರು. ಏಪ್ರಿಲ್ ಹದಿನಾಲ್ಕರ ಜಯಂತಿಯ ಬಾವುಟಕ್ಕೆ ತಂದು ಉಳಿದಿದ್ದ ನೀಲಿ ಬಟ್ಟೆಯನ್ನು ಅಂಚಿಗೆ ಹಚ್ಚಿದರು.

ಕಳೆದ ವಾರದವರೆಗೆ ಮಕ್ಕಳ ಜಾಗ ಗೊತ್ತುಮಾಡಿಟ್ಟಿತ್ತು. ಅಕ್ಷರ ಕೂಡಿಸಿ ಓದಲು ಇನ್ನೂ ಬಾರದವರು ಬಾಗಿಲ ಬಳಿ. "ಅಲ್ಲಿ ಚಂದ ಬೆಳಕ ಬೀಳ್ತದ್ರಿ. ಬೆಳಕ ನೋಡಿ ಹಾಸಿದೆ, ಬಾಗಲಾ ನೋಡಲಿಲ್ಲ," ಎನ್ನುತ್ತಾರೆ ಶಾಕಿರಾ.

ಮಕ್ಕಳು ನೋಡಿದ್ದರು. ಆ ಗುಂಪಿಗೆ ಅವರೇ 'ಬಾಗಲಾ ಮಂದಿ' ಎಂದು ಹೆಸರಿಟ್ಟಿದ್ದರು. ಪ್ರಣಾಲಿ ಜೂನಿನಿಂದ ಅಲ್ಲಿಯೇ ಇದ್ದಳು. ಕಳೆದ ವಾರ ಒಂದು ಮಧ್ಯಾಹ್ನ ಮೊಮ್ಮಗಳಿಗೆ ಔಷಧಿ ಕೊಡಲು ಬಂದ ಕೇಶರಬಾಯಿಯ ಕಿವಿಗೆ ಆ ಹೆಸರು ಬಿತ್ತು. ಅವರು ಎರಡನೆಯ ತರಗತಿಯಲ್ಲಿದ್ದಾಗ ಅವರ ಕೇರಿಯ ಮಕ್ಕಳನ್ನು ಬಾಗಿಲ ಹೊರಗೆ ಕೂರಿಸುತ್ತಿದ್ದರು. ಆ ವರ್ಷವೇ ಅವರು ಶಾಲೆ ಬಿಟ್ಟರು.

"ನಾ ಹೊಲಿದ ಕೌದಿ ಮ್ಯಾಲ ನನ್ನ ಪೋರಿಗೇ ಬಾಗಲಾಕ ಕೂಡ್ಸಿರೇನ್ರಿ?" ಎಂದಷ್ಟೇ ಕೇಳಿದರಂತೆ. ಮಕ್ಕಳನ್ನು ಎಬ್ಬಿಸಿ, ಕೌದಿ ಮಡಚಿ, ಹೊರಟರು. ಬರುವ ಸೋಮವಾರ ಪ್ರಣಾಲಿಯನ್ನು ಗಡಿಯಾಚೆಯ ಉದಗೀರದ ಮಗಳ ಮನೆಗೆ ಕಳಿಸುವುದೆಂದು ಗೊತ್ತಾಗಿದೆ. ಅಲ್ಲಿ ಮರಾಠಿ ಶಾಲೆ. ಈಗಷ್ಟೇ ಕೂಡುತ್ತಿರುವ ಕನ್ನಡ ಅಕ್ಷರ ಇಲ್ಲಿಗೇ ನಿಲ್ಲುತ್ತದೆ.

ನಿನ್ನೆ ಸಂಜೆ ಶಾಕಿರಾ ಎರಡನೆಯ ಸಲ ಆ ಮನೆಗೆ ಹೋದಾಗ, ಈ ಶಾಲೆಯ ಬಗ್ಗೆ ಬರೆಯಲು ಬಂದಿದ್ದ ನಾನೂ ಜೊತೆಗಿದ್ದೆ. ಕೇಶರಬಾಯಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು.

"ಚಹಾ ಕುಡೀರಿ. ಪೋರಿ ಮಾತ ಬ್ಯಾಡ್ರಿ."

"ತಪ್ಪ ನಂದದ, ಆಯಿ. ಈಗ ಎಲ್ಲಾರೂ ಎಲ್ಲಾ ಕಡಿ ಕೂಡ್ತಾರ್ರಿ. ತಾಟ ಬಾರ್ಸಿದ್ರ ಜಾಗ ಬದಲಿ."

"ಪಾಟೀಲರ ಮೊಮ್ಮಗನೂ ಬಾಗಲಾಕ ಕೂಡ್ತಾನೇನ್ರಿ?"

"ಕೂಡ್ತಾನ್ರಿ."

"ಬಾಯಿಲೆ ಎಲ್ಲಾರೂ ಹೇಳ್ತಾರ. ಕೌದಿ ಹೋಯ್ತಂತ ಬಂದೀರಿ ನೀವು."

"ಕೌದಿ ನೀವೇ ಇಟ್ಕೋರಿ, ಆಯಿ. ಪ್ರಣಾಲಿಗೆ ಕಳಸ್ರಿ."

ಕೇಶರಬಾಯಿ ಮತ್ತೆ ಮೊರದಲ್ಲಿ ತೊಗರಿ ಕೇರತೊಡಗಿದರು.

ಈಗ ಕೋಣೆ ತುಂಬಿದೆ. ಪ್ರತಿ ಗುಂಪಿನಲ್ಲೂ ಓದುವವರು, ಓದಲಾಗದವರು ಬೆರೆತಿದ್ದಾರೆ. ಹೆಚ್ಚು ಸಹಾಯ ಬೇಕಾದ ಮಕ್ಕಳನ್ನು ಶಾಕಿರಾ ತಮ್ಮ ಮೂಲೆಯಲ್ಲಿ ತುಸು ಹೆಚ್ಚು ಹೊತ್ತು ಇರಿಸಿಕೊಳ್ಳುತ್ತಾರೆ, ಅಷ್ಟೆ. ಅವರು ಸೌಟಿನಿಂದ ಸ್ಟೀಲ್ ತಾಟು ಬಾರಿಸುತ್ತಾರೆ. ಗುಂಪುಗಳು ಏಳುತ್ತವೆ, ಮುಂದಿನ ಮೂಲೆಗೆ ಸರಿಯುತ್ತವೆ. ಪಾಟೀಲರ ಮನೆಯ ಕೈಲಾಶ ಮೂರನೆಯ ತರಗತಿಯವನು, ಸರಾಗವಾಗಿ ಓದುತ್ತಾನೆ. ಅವನ ಗುಂಪಿಗೆ ಈಗ ಬಾಗಿಲ ಬಳಿಯ ಸರದಿ. ಬರಿ ಫರಸಿಯ ಮೇಲೆ ಕುಳಿತು ಕಾಳು ಜೋಡಿಸುತ್ತಿದ್ದಾನೆ.

ಅವನ ಮೇಲೆ ನೆರಳು ಬೀಳುತ್ತದೆ. ಕೇಶರಬಾಯಿ ಹೊರಗೆ ನಿಂತಿದ್ದಾರೆ. ಬಗಲಲ್ಲಿ ಕೌದಿ, ಹಿಂದೆ ಪ್ರಣಾಲಿ.

"ಯಾರ ಪೋರ ನೀನು?"

"ಪಾಟೀಲರಂವ. ನಿಮಗ ಗೊತ್ತದಲ್ಲ."

"ಗೊತ್ತದ. ನಿನ್ನ ಬಾಯಿಲೆ ಕೇಳಬೇಕಿತ್ತು."

ಬಹಳ ಹೊತ್ತು ಕೋಣೆಯೊಳಗೆ ನೋಡುತ್ತಾರೆ. ಯಾರು ಎಲ್ಲಿ, ಯಾರ ಪಕ್ಕ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. "ಏಳು. ಫರಸಿ ಥಂಡಿ ಅದ," ಎಂದು ಕೈಲಾಶನನ್ನು ಎಬ್ಬಿಸಿ ಕೌದಿ ಹಾಸುತ್ತಾರೆ, ಮಡಿಕೆಗಳನ್ನು ಅಂಗೈಯಿಂದ ಸವರುತ್ತಾರೆ. ಪ್ರಣಾಲಿ ಅವನ ಪಕ್ಕ ಕೂರುತ್ತಾಳೆ. "ಸರಿಯೋ ತುಸು," ಎನ್ನುತ್ತಾಳೆ. ಅವನು ಸರಿಯುತ್ತಾನೆ.

"ಉದಗೀರಿಗೆ ಫೋನ್ ಹಚ್ಚಿ ಪೋರಿ ಬರಂಗಿಲ್ಲ ಅಂತ ಹೇಳ್ತೇನಿ," ಎನ್ನುತ್ತಾರೆ ಕೇಶರಬಾಯಿ. "ಆದ್ರ ನಡುನಡುವ ಬಂದು ನೋಡ್ತೇನ್ರಿ ಮೇಡಂ."

"ಬರ್ರಿ, ಆಯಿ. ಹೇಳದೇ ಬರ್ರಿ."

ಮತ್ತೆ ತಾಟು ಸದ್ದು ಮಾಡುತ್ತದೆ. ಪ್ರಣಾಲಿ ಎದ್ದು ಕಿಟಕಿಯ ಕಡೆಯ ಕೌದಿಗೆ ನಡೆಯುತ್ತಾಳೆ. ಅಜ್ಜಿ ಇನ್ನೂ ಬಾಗಿಲಲ್ಲಿದ್ದಾರೆ. ಅವಳು ತಿರುಗಿ ನೋಡುವುದಿಲ್ಲ.

ಮಾರ್ಚಿಗೆ ಶಾಕಿರಾ ಅವರ ಅವಧಿ ಮುಗಿಯುತ್ತದೆ. ಏನು ಬಯಸುತ್ತೀರಿ ಎಂದು ಕೇಳಿದೆ. ತಾಟನ್ನು ಮೊಳೆಗೆ ತೂಗುಹಾಕುತ್ತಾ ಹೇಳಿದರು: "ಜೂನದಾಗ ನಾನೇ ಬರ್ತೇನೋ ಇಲ್ಲೋ, ಗೊತ್ತಿಲ್ರಿ. ಯಾರ ಬಂದ್ರೂ ಕೌದಿ ಹಾಸಲಿ. ಒಂದೇ ಕೌದಿ ಮ್ಯಾಲ ಅದೇ ಮಕ್ಕಳಿಗೆ ವರ್ಷಪೂರ್ತಿ ಕೂಡಸಬ್ಯಾಡ್ರಿ ಅಂತ ಹೇಳಿ ಹೋಗ್ತೇನಿ."