ಕತ್ತಲಕ್ಕ ಬರೆದ ‘ಹಳದಿ’

ಕಾರ್ಖಾನೆಯಲ್ಲಿ ಅವಳಿಗೆ ಕತ್ತಲಕ್ಕ ಎಂದೇ ಹೆಸರು. ಇಪ್ಪತ್ತಮೂರು ವರ್ಷದಿಂದ ಕಪ್ಪು ಪರದೆಯ ಕೋಣೆಯಲ್ಲಿ ಕೂತು, ಎಲ್‌ಇಡಿ ದೀಪಗಳಾಗುವ ಹರಳಿನ ಬಿಲ್ಲೆಗಳನ್ನು ನೋಡುವುದು ಅವಳ ಕೆಲಸ. ಬಿಲ್ಲೆಯ ಮೇಲೆ ಅತಿನೇರಳೆ ಬೆಳಕು ಬಿಟ್ಟಾಗ, ಒಳಗೆ ಪರಮಾಣುಗಳ ಸಾಲು ನೆಟ್ಟಗಿದ್ದರೆ ಅದು ನೇರಳೆಯಾಗಿ ಹೊಳೆಯುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ಜಾಗ ಖಾಲಿಯಿದ್ದರೆ, ಇಲ್ಲವೇ ಕೊಳೆ ಹೊಕ್ಕು ಕೂತಿದ್ದರೆ ಬೆಳಕು ದಾರಿ ತಪ್ಪಿ ಹಳದಿಗೆ ತಿರುಗುತ್ತದೆ. ಅದನ್ನು ನೋಡಿ ಅವಳು ಬರೆದದ್ದೇ ವೇದವಾಕ್ಯ.

ಆರು ವಾರದಿಂದ ಅವಳು ಬರೆದದ್ದೆಲ್ಲ ‘ಹಳದಿ’. ಅದು ಹರಳು ಬೆಳೆಸುವ ಕುಲುಮೆ ಮೇಸ್ತ್ರಿಯ ಕುತ್ತಿಗೆಗೆ ಬಂತು. ಸೋಮವಾರದಿಂದ ಕುಲುಮೆ ಬಿಟ್ಟು ಗೋದಾಮಿಗೆ ಹೋಗು ಎಂದು ಮ್ಯಾನೇಜರ್ ಅವನಿಗೆ ಹೇಳಿಬಿಟ್ಟರು.

ಶುಕ್ರವಾರ ಅವಳ ಮನಸ್ಸು ತಡೆಯಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಕೆಲಸಕ್ಕೆ ಸೇರಿದ ವರ್ಷ ಮಾದರಿಗೆಂದು ಎತ್ತಿಟ್ಟಿದ್ದ ಅಪ್ಪಟ ನೇರಳೆ ಬಿಲ್ಲೆಯನ್ನು ಡ್ರಾಯರಿನ ತಳದಿಂದ ತೆಗೆದು ಬೆಳಕಿಗಿಟ್ಟಳು. ಅದೂ ಹಳದಿ! ಡ್ರಾಯರಿನಲ್ಲಿದ್ದ ಹರಳು ಕೆಡುವುದಿಲ್ಲ. ಕೆಟ್ಟದ್ದು ತನ್ನ ಕಣ್ಣು. ಬಾಯಿ ಬಿಟ್ಟರೆ ತನ್ನ ಕುರ್ಚಿ ಹೋಗುತ್ತದೆ, ಬಿಡದಿದ್ದರೆ ಅವನ ಕುಲುಮೆ. ಸುಮ್ಮನಿದ್ದಿದ್ದರೆ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮೇಸ್ತ್ರಿಯನ್ನು ಒಳಗೆ ಕರೆದಳು.

“ಇದೇನು ಬಣ್ಣ, ಹೇಳು.”

“ನೇರಳೆ. ಎಷ್ಟು ಚೆನ್ನಾಗಿದೆ ಅಕ್ಕ!”

“ಹಾಗಾದ್ರೆ ನಿನ್ನದೂ ಕೆಟ್ಟಿಲ್ಲ ಕಣೋ. ನನ್ನ ಕಣ್ಣಿಗೇ ಪೊರೆ ಬಂದಿರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನೋ ಹಾಗಾಯ್ತು. ಅಲ್ವೋ, ಒಂದ್ಸಲನಾದ್ರೂ ನೀನೇ ಬಂದು ನೋಡಬಾರದಿತ್ತಾ?”

“ನೀವು ನೋಡಿದ ಮೇಲೆ ನಾನೇನು ನೋಡೋದು?” ಮೇಸ್ತ್ರಿ ತಲೆ ಕೆರೆದುಕೊಂಡ. “ಕುಲುಮೇನೇ ಮೂರು ಸಲ ಬಿಚ್ಚಿ ತೊಳೆದೆ.”

ಅವಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಹೋಗಿ ಮ್ಯಾನೇಜರಿಗೆ ಎಲ್ಲ ಒಪ್ಪಿಸಿದಳು. ಅವರು ರೇಗಿದರು, ಕೂಗಾಡಿದರು, ಕೊನೆಗೆ ಮೇಸ್ತ್ರಿಯನ್ನು ಕುಲುಮೆಯಲ್ಲೇ ಉಳಿಸಿ, ಅವಳಿಗೆ ಎರಡು ತಿಂಗಳು ರಜೆ ಕೊಟ್ಟರು. ಕುರ್ಚಿಯ ಮಾತು ಆಮೇಲೆ ನೋಡೋಣ ಎಂದರು.

ಎರಡೂ ಕಣ್ಣಿನ ಆಪರೇಷನ್ ಆಗಿ ಅವಳು ಬಂದಾಗ, ಅವಳೇ ತಳ್ಳಿಹಾಕಿದ್ದ ನಲವತ್ತು ಬಿಲ್ಲೆಗಳು ಮೇಜಿನ ಮೇಲಿದ್ದವು. ಅಷ್ಟನ್ನೂ ಬೇರೆ ಊರಿನ ಯಂತ್ರದಲ್ಲಿ ಅಳೆಸಿದ ಚೀಟಿ ಮ್ಯಾನೇಜರ ಜೇಬಿನಲ್ಲಿತ್ತು. ಅವಳು ನಿಂತುಕೊಂಡೇ ನೋಡತೊಡಗಿದಳು. ಅಬ್ಬಬ್ಬಾ, ಎಂಥ ನೇರಳೆ! ಇಷ್ಟು ದಿನ ಇದನ್ನು ಮರೆತೇಬಿಟ್ಟಿದ್ದೆನಲ್ಲ ಅನ್ನಿಸಿತು. ಒಂದಾದ ಮೇಲೊಂದು ನೇರಳೆ. ಮೂವತ್ತೊಂದನೆಯದು ಮಾತ್ರ ಹಳದಿ.

ಪೆನ್ನು ನಿಂತಿತು. ಮತ್ತೆ ಅದೇ ಮಾತನ್ನು, ಇದೇ ಮನುಷ್ಯನ ಬಿಲ್ಲೆಗೆ ಬರೆಯುವುದು ಹೇಗೆ?

ಪರದೆಯ ಪಕ್ಕದಲ್ಲಿದ್ದ ಮೇಸ್ತ್ರಿಗೆ ಅರ್ಥವಾಯಿತು. “ಬರೀರಿ ಅಕ್ಕ. ನೀವು ಬರೀರಿ, ನಾನು ಹೋಗಿ ಕುಲುಮೆ ತೊಳೀತೀನಿ.”

“ನಿನ್ನ ಹೊಟ್ಟೆ ತಣ್ಣಗಿರಲಪ್ಪ,” ಎಂದು ಕಣ್ಣೊರೆಸಿಕೊಂಡು ಅವಳು ‘ಹಳದಿ’ ಎಂದು ಬರೆದಳು. ನಲವತ್ತೂ ಮುಗಿದ ಮೇಲೆ ಮ್ಯಾನೇಜರ್ ಚೀಟಿ ಬಿಚ್ಚಿ ಒಂದೊಂದಾಗಿ ತಾಳೆ ನೋಡಿದರು. ಆಮೇಲೆ ಕುರ್ಚಿಯನ್ನು ಅವಳ ಕಡೆಗೆ ಸರಿಸಿದರು.