ಕೊಕ್ಕೆಯಿಲ್ಲದ ಚಾವಣಿ

ನನ್ನ ತಮ್ಮ ಕಾರವಾರದಲ್ಲಿ ಮನೆ ಕಟ್ಟಿಸುವ ಇಂಜಿನಿಯರ್. ಎರಡು ಸಾವಿರದ ದಶಕದಲ್ಲಿ ಹುಬ್ಬಳ್ಳಿಗೆ ಹೋಗಿ ಯಾವುದೋ ಕಟ್ಟಡ ಸಾಮಗ್ರಿಗಳ ಪ್ರದರ್ಶನ ನೋಡಿ ಬಂದ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. “ಮುಂದೆ ಮನೆ ಕಟ್ಟೂದೇ ಇಲ್ಲ ಅಣ್ಣಾ, ಫ್ಯಾಕ್ಟರಿಯಿಂದ ತಂದು ಜೋಡಿಸೂದು.” ಊಟಕ್ಕೆ ಕೂತರೂ ಅದೇ ಪುರಾಣ. ಬೇರೆಯವರ ಮನೆ ಜೋಡಿಸಿಕೊಳ್ಳಲಿ ಎಂದುಕೊಂಡು ನಾನು ಅನ್ನ ಕಲಸುತ್ತಿದ್ದೆ.

ನಮ್ಮೂರು ಬೊಬ್ರುವಾಡದ ಹಳೆಯ ಮನೆ ಮಳೆಗಾಲದಲ್ಲಿ ಸೋರುತ್ತಿತ್ತು. ನಾಲ್ಕು ಹೆಂಚು ಬದಲಿಸು ಎಂದು ಆಯಿ, ಅಂದರೆ ನಮ್ಮ ಅಮ್ಮ, ಅವನಿಗೆ ಹೇಳಿದ್ದೇ ತಪ್ಪಾಯಿತು. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಅಂತಾರಲ್ಲ, ಹಾಗೆ ಇಡೀ ಮನೆಯನ್ನೇ ಕೆಡವಿ ಹೊಸದು ಕಟ್ಟಲು ಹೊರಟ. ಚಿರೆಕಲ್ಲಿನ ಗೋಡೆ ಏಳುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಒಂದು ದಿನ ಲಾರಿಯಲ್ಲಿ ಚಾವಣಿ ಬಂತು! ಹಿಂದೆಯೇ ಬಂದ ಕ್ರೇನು ಕಾಂಕ್ರೀಟ್ ಹಲಗೆಗಳನ್ನು ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ಇಟ್ಟು ಹೋಯಿತು. ಕೇರಿಗೆ ಕೇರಿಯೇ ಬಾಯಿ ಬಿಟ್ಟುಕೊಂಡು ನೋಡಿತು.

ಒಳಗೆ ತಲೆಯೆತ್ತಿದರೆ ಎಲ್ಲ ನುಣ್ಣಗೆ, ಫ್ಯಾನಿಗೂ ಒಂದು ಕೊಕ್ಕೆಯಿಲ್ಲ. ಮುಂದಿನ ಕಾಲದ ಮನೆಗಳಲ್ಲಿ ಏನನ್ನೂ ನೇತುಹಾಕುವುದಿಲ್ಲವಂತೆ. ತೂತು ಕೊರೆದರೆ ಗ್ಯಾರಂಟಿ ಹೋಗುತ್ತದಂತೆ. ಹಾಗಾಗಿ ಫ್ಯಾನು ಗೋಡೆಗೆ ಬಂತು. ಏನು ಕೇಳಿದರೂ ಅದು ಬೇಡ ಬೇಡ ಎಂದು ತಲೆಯಾಡಿಸುತ್ತಿತ್ತು.

ಆಯಿ ಕೇಳಿದ್ದು ಒಂದೇ ಮಾತು: “ಅಲ್ಲಾ ತಮಾ, ಚೌತಿಗೆ ಫಲಾವಳಿ ಎಲ್ಲಿಗೆ ಕಟ್ಟೂದು?”

ಗಣಪತಿಯ ತಲೆಯ ಮೇಲೆ ಫಲಾವಳಿಯ ಮರದ ಚೌಕಟ್ಟು ತೂಗಿಬಿಟ್ಟು ತೆಂಗಿನಕಾಯಿ, ಅಡಿಕೆ ಗೊನೆ, ದಪ್ಪ ಸೌತೆಯಂಥ ಮೊಗೆಕಾಯಿ ಕಟ್ಟದಿದ್ದರೆ ನಮ್ಮ ಕಡೆ ಅದು ಚೌತಿಯೇ ಅಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆಯಿ ಒಂದು ವರ್ಷವೂ ಅದನ್ನು ತಪ್ಪಿಸಿದವಳಲ್ಲ.

“ಅದ್ಕೆಲ್ಲ ಈಗ ಸ್ಟ್ಯಾಂಡ್ ಬರ್ತದೆ ಆಯಿ,” ಎಂದ ತಮ್ಮ.

ಚೌತಿ ಬಂತು, ಸ್ಟ್ಯಾಂಡು ಬರಲಿಲ್ಲ. ಭಟ್ಟರು ಬಂದು ಕೂತಾಗಿತ್ತು. ಆಯಿಯ ಕಣ್ಣು ತುಂಬಿಬಂತು, ದನಿ ಮಾತ್ರ ಜೋರಾಗಿಯೇ ಇತ್ತು. “ಕೊಕ್ಕೆ ಇಲ್ಲದಿದ್ರೆ ನೀವೇ ಹಿಡ್ಕಂಡು ನಿಲ್ಲಿ. ಫಲಾವಳಿ ಇಲ್ದೆ ದೇವ್ರನ್ನ ಕೂರ್ಸೂಕೆ ನಾ ಬಿಡೂದಿಲ್ಲ.”

ನಾನೂ ತಮ್ಮನೂ ಸ್ಟೂಲು ಹತ್ತಿ ಎರಡು ಕಡೆಯಿಂದ ಚೌಕಟ್ಟು ಎತ್ತಿ ಹಿಡಿದೆವು. ಭಟ್ಟರಿಗೋ ಅವತ್ತೇ ಮಂತ್ರಗಳೆಲ್ಲ ನೆನಪಾಗಬೇಕೇ! ಮೊಗೆಕಾಯಿ ತೂಗಾಡಿ ತೂಗಾಡಿ ತಮ್ಮನ ಮೂಗಿಗೆ ಬಡಿಯುತ್ತಿತ್ತು. ನನ್ನ ರಟ್ಟೆ ಬಿದ್ದುಹೋಗುತ್ತಿದ್ದರೂ ಅವನ ಮುಖ ನೋಡಿ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

“ಇನ್ನೂ ಎಷ್ಟೊತ್ತು ಆಯಿ?” ತಮ್ಮ ನರಳಿದ.

“ಎಷ್ಟೊತ್ತು ಅಂದ್ರೆ? ಗಣಪತಿ ಐದು ದಿವ್ಸ ಇರ್ತಾನೆ.”

ತಮ್ಮ ಚೌಕಟ್ಟನ್ನು ಪೂಜೆಗೆ ಬಂದಿದ್ದ ಪಕ್ಕದ ಮನೆಯವನ ಕೈಗೆ ಕೊಟ್ಟು ಇಳಿದ. ಕೊರೆಯುವ ಮಷೀನು ಹುಡುಕಿ ತಂದು, ಯಾರ ಮುಖವನ್ನೂ ನೋಡದೆ ಚಾವಣಿಗೆ ತೂತು ಹೊಡೆದು ಕೊಕ್ಕೆ ಕೂರಿಸಿದ. ತಲೆ, ಮೀಸೆ, ಹೊಸ ಅಂಗಿ ಎಲ್ಲ ಸಿಮೆಂಟಿನ ಹುಡಿಮಯವಾಯಿತು.

ಫಲಾವಳಿ ತೂಗಿತು. ಆಯಿ ಅದನ್ನು ನೋಡುತ್ತ ನಿಂತಳು. ಆಮೇಲೆ ಸೆರಗಿನಿಂದ ತಮ್ಮನ ಮುಖದ ಹುಡಿ ಒರೆಸುತ್ತ ಹೇಳಿದಳು:

“ಇಷ್ಟು ದಿವ್ಸ ಯಾರದೋ ಮನೇಲಿ ಉಳ್ಕಂಡಂಗೆ ಆಗ್ತಿತ್ತು ತಮಾ. ಇವತ್ತು ನಮ್ಮನೆಗೆ ಬಂದೆ.”