ಬಟ್ಟಲಲ್ಲೇ ಉಳಿದ ಕುಂಕುಮ

ಕಳೆದ ಶನಿವಾರ ನಮ್ಮ ಕನ್ನಡ ಮಹಿಳಾ ಮಂಡಲದ ಅರಿಶಿನ-ಕುಂಕುಮ. ಮುಂಬಯಿ ಪಕ್ಕದ ಡೊಂಬಿವಲಿಯ ಬಾಡಿಗೆ ಹಾಲ್. ಬಟ್ಟಲು ಹಿಡಿದು ನಿಂತಿದ್ದೆ. ಎದುರಿಗೆ ಸುಜಾತಾ ಹಣೆ ಒಡ್ಡಿ ನಿಂತಿದ್ದಳು. ನಾನು ಕುಂಕುಮ ಇಡಲಿಲ್ಲ.

ಸುಜಾತಾ ಯಾರು? ಠಾಕುರ್ಲಿಯ ನಮ್ಮ ಬಿಲ್ಡಿಂಗಿನಲ್ಲೇ ಬೆಳೆದವಳು, ಕುಂದಾಪುರ ಕಡೆಯವಳು. ಹುಟ್ಟಿದಾಗ ಗಂಡು ಮಗು ಎಂದು ಮನೆಯವರು ಪೇಢಾ ಹಂಚಿದ್ದರು (ನಾನೂ ಎರಡು ತಿಂದಿದ್ದೆ). ತಾನು ಹೆಣ್ಣೆಂದು ಬಾಯಿಬಿಟ್ಟು ಹೇಳಲು ಅವಳಿಗೆ ಇಪ್ಪತ್ತೈದು ವರ್ಷ ಹಿಡಿಯಿತು. ಈಗ ರಬಾಳೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಅಮ್ಮ ಹೋದ ಮೇಲೆ ಮನೆಯಲ್ಲಿ ಕನ್ನಡ ಮಾತಾಡಲು ಜನವಿಲ್ಲ. ಅದಕ್ಕೇ ಮಂಡಲದ ಮೆಂಬರ್ ಆಗಬೇಕೆಂದಿದ್ದಳು.

ನಮ್ಮಲ್ಲೊಂದು ಪದ್ಧತಿ. ಎಲ್ಲರಿಗಿಂತ ಹಿರಿಯಳು ಕುಂಕುಮ ಇಟ್ಟಳೋ, ಹೊಸಬಳು ಮೆಂಬರ್. ಫಾರ್ಮ್, ಸಹಿ ಎಲ್ಲ ಆಮೇಲೆ. ಈಗ ಆ ಹಿರಿಯಳು ನಾನೇ.

ಬೆರಳು ಬಟ್ಟಲಿಗೆ ಹೋಗಿತ್ತು. ಸೆಕ್ರೆಟರಿ ಮಹಾದೇವಿ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದರು. ವಿಜಯಪುರದವರು, ಕೆಟ್ಟವರಲ್ಲ.

"ನನಗೇನಿಲ್ರೀ ಟೀಚರ್. ಆದ್ರ ನಾಳೆ ಟ್ರಿಪ್ಪಿಗೆ ಹೋದ್ರ ಅಕಿ ಯಾರ ರೂಮಿನ್ಯಾಗ ಮಲಗಬೇಕ್ರೀ? ಡಾಕ್ಟರ್ ಸರ್ಟಿಫಿಕೇಟ್ ತರಲಿ, ಕಮಿಟಿ ನೋಡ್ತದ."

(ನನ್ನ ಗೊರಕೆಗೆ ಹೆದರಿ ಯಾರೂ ನನ್ನ ಜೊತೆ ರೂಮ್ ಶೇರ್ ಮಾಡುವುದಿಲ್ಲ. ನನ್ನ ರೂಮಿನಲ್ಲಿ ಮಲಗಲಿ ಎನ್ನಬಹುದಿತ್ತು. ಅನ್ನಲಿಲ್ಲ.)

ನಾನು ಟೀಚರಾಗಿದ್ದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮ್ಯಾನರ್ಸ್ ಇದೆಯಲ್ಲ, ಅದನ್ನೇ ಬಳಸಿದೆ. ನಗುನಗುತ್ತಾ, "ಮುಂದಿನ ಮೀಟಿಂಗಿನಲ್ಲಿ ನೋಡೋಣ, ಡಿಯರ್" ಎಂದೆ.

ಸುಜಾತಾ ನೆರಿಗೆ ಸರಿಮಾಡಿಕೊಂಡಳು. ಅಮ್ಮನ ಹಸಿರು ಸೀರೆ.

"ಅಡ್ಡಿಲ್ಲ ಆಂಟಿ. ನಿಮ್ ಕಥಿ ಅಮ್ಮ ಹೇಳಿದ್ರ್. ಅದ್ಕೇ ಬಂದದ್ದ್ ನಾನ್."

ನನ್ನ ಕಥೆಯೇನು ದೊಡ್ಡದಲ್ಲ. ನಮ್ಮವರು ತೀರಿಕೊಂಡ ವರ್ಷ, ಇದೇ ಮಂಡಲದಲ್ಲಿ ನನಗೆ ಕುಂಕುಮ ಇಡಬಹುದೇ ಎಂದು ಚರ್ಚೆಯಾಯಿತು. ವಿಧವೆಯಲ್ಲವೇ? ಅಂದಿನ ಹಿರಿಯರು ಕಮಿಟಿಯನ್ನು ಕೇಳೋಣ ಎಂದರು. ನಾನು ಕಡೆಯ ಸಾಲಿನ ಕುರ್ಚಿಯಲ್ಲಿ ನೆಲ ನೋಡುತ್ತಾ ಕುಳಿತಿದ್ದೆ, ಎದ್ದು ಹೋಗಲೂ ನಾಚಿಕೆ. ಆಗ ಒಬ್ಬಳು ಹಿರಿಯರ ಕೈಯಿಂದಲೇ ಬಟ್ಟಲು ತೆಗೆದುಕೊಂಡು ಬಂದು ನನ್ನ ಹಣೆಗೆ ಇಟ್ಟಳು. ಯಾರನ್ನೂ ಕೇಳಲಿಲ್ಲ.

ಅವಳು ಗಿರಿಜಾ. ಸುಜಾತಾಳ ಅಮ್ಮ.

ಬಾಗಿಲಲ್ಲಿ ಸುಜಾತಾ ಚಪ್ಪಲಿ ಹುಡುಕುತ್ತಿದ್ದಳು. ಹತ್ತು ಹೆಜ್ಜೆ ದೂರ. ಬಟ್ಟಲು ಇನ್ನೂ ನನ್ನ ಕೈಯಲ್ಲೇ ಇತ್ತು. ಕರೆಯಲಿಲ್ಲ.

ತಾನು ಹೆಣ್ಣೆಂದು ಅವಳೇನೋ ಸರ್ಟಿಫಿಕೇಟ್ ತಂದಾಳು. ಗಿರಿಜಾಳ ಗೆಳತಿ ಎನ್ನಿಸಿಕೊಳ್ಳಲು ನಾನು ಏನನ್ನು ತರಲಿ?